ನಿಮ್ಮ ‘125’ರ ಬಗ್ಗೆ ಒಂದಿಷ್ಟು ತಕರಾರು

ನಮಸ್ಕಾರ.

ಯೇಸುವಿನ ಕಥೆ ಹೇಳುವ ಸುವಾರ್ತೆಗಳ ಹಳೆಯ ಹಸ್ತಪ್ರತಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ಚೆನ್ನಾಗಿ ಓದಿಕೊಂಡಿದ್ದೀರಿ, ಭಾಷೆಯೂ ಸಲೀಸಾಗಿದೆ. ತೊಂದರೆ ಇರುವುದು ನಿಮ್ಮ ಮೊದಲ ವಾಕ್ಯದಲ್ಲೇ: ‘ಯೋಹಾನನ ಸುವಾರ್ತೆಯ ಅತಿ ಹಳೆಯ ತುಣುಕು ಕ್ರಿ.ಶ. 125ರದ್ದು.’

125 ಅಂತ ಯಾರು ಹೇಳಿದರು? ಆ ತುಣುಕಂತೂ ಹೇಳಿಲ್ಲ.

ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿರುವ ಈ ತುಣುಕಿಗೆ ವಿದ್ವಾಂಸರು ಪಿ52 ಎನ್ನುತ್ತಾರೆ. ಹೆಚ್ಚು ಕಡಿಮೆ ಎಟಿಎಂ ಕಾರ್ಡಿನಷ್ಟು ಪ್ಯಾಪಿರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ. ಎರಡೂ ಮಗ್ಗುಲಲ್ಲಿ ಏಳೇಳು ಸಾಲು, ಒಂದೂ ಪೂರ್ತಿ ಇಲ್ಲ. ಗ್ರೆನ್‌ಫೆಲ್ 1920ರಲ್ಲಿ ಇದನ್ನು ಈಜಿಪ್ಟಿನಲ್ಲಿ ಕೊಂಡರು. ಕಾಲಿನ್ ರಾಬರ್ಟ್ಸ್ 1935ರಲ್ಲಿ ಪ್ರಕಟಿಸಿದರು. ಇದಿಷ್ಟು ನಿಮ್ಮ ಲೇಖನದಲ್ಲೂ ಇದೆ, ಸರಿಯಾಗಿಯೂ ಇದೆ. ಆದರೆ ಆಮೇಲೆ, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಕಾರಿ ಪಿಲಾತನ ಬಗ್ಗೆ ಹೇಳುತ್ತಾ ನೀವು ‘ಪಿಲಾತ ಕೇಳಿದ “ಸತ್ಯ ಅಂದರೇನು?” ಎಂಬ ಪ್ರಶ್ನೆಯನ್ನು ಈ ತುಣುಕಿನಲ್ಲಿ ಇವತ್ತಿಗೂ ಓದಬಹುದು’ ಎಂದು ಬರೆದಿದ್ದೀರಿ. ಓದಲಾಗುವುದಿಲ್ಲ. ಹಿಂಬದಿಯ ನಾಲ್ಕನೇ ಸಾಲಿನ ಕೊನೆಯಲ್ಲಿ ‘ಅವನಿಗೆ ಹೇಳುತ್ತಾನೆ’ ಅಂತ ಉಳಿದಿದೆ. ಐದನೇ ಸಾಲಿನಲ್ಲಿ ಉಳಿದಿರುವುದು ‘ಮತ್ತು ಇದನ್ನು’ ಅನ್ನುವಷ್ಟೇ. ಅವೆರಡರ ನಡುವೆ ಇರಬೇಕಾದ ಪಿಲಾತನ ಹೆಸರೂ ಅವನ ಪ್ರಶ್ನೆಯೂ ಹರಿದುಹೋದ ಭಾಗದಲ್ಲಿವೆ. ಸತ್ಯ ಅಂದರೇನು ಅನ್ನುವ ಜಾಗದಲ್ಲೇ ತೂತು! ಇಂಥದ್ದು ಕೈಗೆ ಸಿಕ್ಕಿದ್ದರೂ ಬಿಟ್ಟುಬಿಟ್ಟಿದ್ದೀರಲ್ಲ ಅಂತ ನನಗೆ ಬೇಜಾರು.

ಈಗ 125ಕ್ಕೆ ಬರೋಣ. ಆ ಕಾಲದ ಈಜಿಪ್ಟಿನಲ್ಲಿ ತೆರಿಗೆ ರಸೀದಿ, ಜಮೀನಿನ ಪತ್ರಗಳ ಮೇಲೆ ಇಂಥ ಚಕ್ರವರ್ತಿಯ ಇಷ್ಟನೇ ವರ್ಷ ಅಂತ ಹಾಕುತ್ತಿದ್ದರು. ಪುಸ್ತಕ ನಕಲು ಮಾಡುವವನು ತೇದಿ ಹಾಕುತ್ತಿರಲಿಲ್ಲ. ಹಾಗಾಗಿ ತೇದಿ ಇರುವ ಪತ್ರಗಳ ಅಕ್ಷರದ ಪಕ್ಕ ಪುಸ್ತಕದ ಅಕ್ಷರ ಇಟ್ಟು ಹೋಲಿಕೆ ಹುಡುಕಬೇಕು. ರಾಬರ್ಟ್ಸ್ ಮಾಡಿದ್ದೂ ಇದನ್ನೇ. ಹಿರಿಯರನ್ನೂ ಕೇಳಿ, ಎರಡನೇ ಶತಮಾನದ ಮೊದಲರ್ಧ ಅಂದರು. ಆ ಐವತ್ತು ವರ್ಷದ ನಟ್ಟನಡುವೆ 125 ಇದೆ, ಅಷ್ಟೇ. ಪುಸ್ತಕದಿಂದ ಪುಸ್ತಕಕ್ಕೆ ದಾಟುವಾಗ ‘ಸುಮಾರು’ ಉದುರಿಹೋಗಿದೆ, ಅಂಕಿ ಗಟ್ಟಿಯಾಗಿ ಕೂತಿದೆ.

ಅಕ್ಷರ ನೋಡಿ ವಯಸ್ಸು ಹೇಳುವುದು ಎಷ್ಟು ಜಾರುವ ಕೆಲಸ ಅನ್ನುವುದಕ್ಕೆ ನಮ್ಮ ಅಜ್ಜನೇ ಸಾಕು. ಹುಡುಗನಾಗಿದ್ದಾಗ ಕಲಿತ ದುಂಡಕ್ಷರವನ್ನೇ ಎಂಬತ್ತರ ವಯಸ್ಸಿನಲ್ಲೂ ಬರೆಯುತ್ತಿದ್ದರು. ಅವರ ಲೆಕ್ಕದ ಪುಸ್ತಕದಿಂದ ತೇದಿ ಇಲ್ಲದ ಒಂದು ಹಾಳೆ ಹರಿದುಕೊಟ್ಟರೆ ನೀವು ಯಾವ ವರ್ಷ ಹೇಳುತ್ತೀರಿ?

ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲದ ಇನ್ನೊಂದು ಕಥೆ ಇದೆ. ರಾಬರ್ಟ್ಸ್ ಹೋಲಿಕೆಗೆ ಹಿಡಿದ ಹಸ್ತಪ್ರತಿಗಳಲ್ಲಿ ಎಗರ್ಟನ್ ಪ್ಯಾಪಿರಸ್ ಒಂದು. ಅದರಲ್ಲಿರುವುದು ಹೆಸರು ಗೊತ್ತಿಲ್ಲದ ಯಾವುದೋ ಸುವಾರ್ತೆ. ಆಗ ಅದನ್ನು 150ರ ಸುಮಾರಿನದು ಅನ್ನುತ್ತಿದ್ದರು. 1987ರಲ್ಲಿ ಅದೇ ಹಸ್ತಪ್ರತಿಯ ಇನ್ನೊಂದು ಚೂರು ಕಲೋನ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ವ್ಯಂಜನಗಳ ನಡುವೆ ಒಂದು ಪುಟ್ಟ ಕೊಕ್ಕೆ ಕಂಡಿತು. ಆ ಕೊಕ್ಕೆ ಹಾಕುವ ರೂಢಿ ಜಾಸ್ತಿಯಾಗಿದ್ದು ಮೂರನೇ ಶತಮಾನದಲ್ಲಿ. ಹಾಗಾಗಿ ಎಗರ್ಟನ್ 200ರ ಕಡೆಗೆ ಜಾರಿತು. ಅದಕ್ಕೆ ಒರಗಿಕೊಂಡಿದ್ದ ಪಿ52ಕ್ಕೂ ಅಲ್ಲಾಡುವುದು ತಪ್ಪಲಿಲ್ಲ. 2005ರಲ್ಲಿ ಬ್ರೆಂಟ್ ನೊಂಗ್ಬ್ರಿ ಎಂಬ ವಿದ್ವಾಂಸರು ಇದನ್ನೆಲ್ಲ ಕೆದಕಿ, ಎರಡನೇ ಶತಮಾನದ ಕೊನೆ, ಮೂರನೆಯದರ ಆರಂಭವನ್ನೂ ತಳ್ಳಿಹಾಕುವಂತಿಲ್ಲ ಅಂದರು. 2012ರಲ್ಲಿ ಓರ್ಸೀನಿ, ಕ್ಲಾರಿಸ್ ಎಂಬ ಇನ್ನಿಬ್ಬರು ವಿದ್ವಾಂಸರು ಸೇರಿ 125ರಿಂದ 175 ಅಂದರು. ಒಂದು ಕೊಕ್ಕೆಗೆ ಐವತ್ತು ವರ್ಷ ಅಲ್ಲಾಡುತ್ತದೆ ಅಂದರೆ ಓದುಗ ಕಿವಿ ನಿಮಿರಿಸುತ್ತಾನೆ. ‘ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ’ ಅಂದರೆ ಪುಟ ತಿರುವುತ್ತಾನೆ.

ಹಾಗಂತ ನೊಂಗ್ಬ್ರಿ ಹೆಸರು ಹಿಡಿದು ‘ಸುಳ್ಳು ಬಯಲಾಯಿತು’ ಅಂತ ಎದುರು ದಡಕ್ಕೆ ಹಾರಬೇಡಿ. ತುಣುಕು 200ರದ್ದು ಅಂದರೂ ಸುವಾರ್ತೆ 200ರಲ್ಲಿ ಬರೆದದ್ದು ಅಂತ ಆಗುವುದಿಲ್ಲ. ನಕಲಿನ ವಯಸ್ಸೇ ಬೇರೆ, ಕೃತಿಯ ವಯಸ್ಸೇ ಬೇರೆ. ನೀವು ಮೂರನೇ ಪುಟದಿಂದಾಚೆ ಎರಡನ್ನೂ ಕಲಸಿಬಿಟ್ಟಿದ್ದೀರಿ. ತುಣುಕು ತೋರಿಸುವುದು ಇಷ್ಟೇ: ಸುವಾರ್ತೆಯನ್ನು ಇದಕ್ಕಿಂತ ತಡವಾಗಿ ಬರೆದಿರಲು ಸಾಧ್ಯವಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಬೈಬಲ್ ವಿದ್ವಾಂಸ ಎಫ್.ಸಿ. ಬೌರ್ ಯೋಹಾನನ ಸುವಾರ್ತೆಯನ್ನು ಎರಡನೇ ಶತಮಾನದ ಕೊನೆಯರ್ಧಕ್ಕೆ ತಳ್ಳಿದ್ದರು. ತುಣುಕು ಅದಕ್ಕಿಂತ ಹಳೆಯದಾದರೆ ಆ ಲೆಕ್ಕ ನಿಲ್ಲುವುದಿಲ್ಲ. 1935ರಲ್ಲಿ ಈ ಚೂರಿಗೆ ಅಷ್ಟು ಬೆಲೆ ಬಂದದ್ದು ಅದಕ್ಕೇ.

‘ಮೊದಲ ಶತಮಾನದ ಮಾರ್ಕ’ ಎಂಬ ಭಾಗ ಪೂರ್ತಿ ತೆಗೆಯಿರಿ. 2012ರಲ್ಲಿ ಮಾರ್ಕನ ಸುವಾರ್ತೆಯ ಅಂಥ ತುಣುಕು ಸಿಕ್ಕಿದೆ ಅಂತ ಅಮೆರಿಕದ ಒಂದು ಚರ್ಚೆಯಲ್ಲಿ ಘೋಷಣೆಯಾದದ್ದು ನಿಜ. 2018ರಲ್ಲಿ ಪ್ರಕಟವಾದಾಗ ಎರಡನೇ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ ಅಂತ ಗೊತ್ತಾಯಿತು. ನೀವು ಇನ್ನೂ ‘ಶೀಘ್ರದಲ್ಲೇ ಪ್ರಕಟವಾಗಲಿದೆ’ ಅನ್ನುತ್ತಿದ್ದೀರಿ. ಕಾರ್ಬನ್ ಪರೀಕ್ಷೆ ಮಾಡಿದರೆ ಎಲ್ಲ ಮುಗಿಯುತ್ತದೆ ಎಂಬ ಸಾಲೂ ಬೇಡ. ಅದಕ್ಕೆ ಚೂರು ಪ್ಯಾಪಿರಸ್ ಸುಡಬೇಕು. ಸುಟ್ಟರೂ ಸಿಗುವುದು ಹತ್ತಾರು ವರ್ಷಗಳ ಅಂದಾಜು. ಅದೂ ಗಿಡ ಕಡಿದ ಕಾಲದ್ದು, ಬರೆದ ಕಾಲದ್ದಲ್ಲ.

ಹಾಗಾದರೆ ಗಟ್ಟಿ ತೇದಿ ಎಲ್ಲೂ ಇಲ್ಲವಾ? ಒಂದಿದೆ. ನಿಮ್ಮ ಏಳನೇ ಪುಟದ ಮೂಲೆಯಲ್ಲಿ ಒಂದೇ ಸಾಲಾಗಿ ಮಲಗಿದೆ. ಈಗಿನ ಸಿರಿಯಾದಲ್ಲಿ, ಯೂಫ್ರೆಟಿಸ್ ದಡದ ಡ್ಯೂರಾ-ಯುರೋಪೋಸ್‌ನಲ್ಲಿ, ಪರ್ಷಿಯಾದ ಸಸಾನಿಯರ ಮುತ್ತಿಗೆಗೆ ಹೆದರಿ ರೋಮನ್ ಸೈನಿಕರು ಕೋಟೆಗೋಡೆಗೆ ಒತ್ತಾಗಿ ಮಣ್ಣು ತುಂಬಿದರು. 256ರ ಸುಮಾರಿಗೆ ಊರು ಬಿತ್ತು, ಪಾಳುಬಿತ್ತು. 1933ರಲ್ಲಿ ಆ ಮಣ್ಣಿನೊಳಗೆ ಒಂದು ಚರ್ಮದ ಹಾಳೆಯ ತುಂಡು ಸಿಕ್ಕಿತು. ಸುವಾರ್ತೆಗಳನ್ನು ಒಂದೇ ಕಥೆಯಾಗಿ ಹೆಣೆದ ಗ್ರೀಕ್ ಬರಹ. ಯೇಸುವಿನ ದೇಹವನ್ನು ಸಮಾಧಿ ಮಾಡಿದ ಅರಿಮಥಾಯದ ಯೋಸೇಫನ ಪ್ರಸಂಗ ಅದರಲ್ಲಿದೆ. ಅದು ಎರಡನೇ ಶತಮಾನದಲ್ಲಿ ತಾತಿಯಾನ ಎಂಬಾತ ನಾಲ್ಕೂ ಸುವಾರ್ತೆಗಳನ್ನು ಹೆಣೆದು ಮಾಡಿದ ದಿಯಾತೆಸ್ಸರೋನ್ ಹೌದೋ ಅಲ್ಲವೋ ಅನ್ನುವ ಜಗಳ ಇದೆ, ಇರಲಿ. ಇಲ್ಲಿ ಕಾಲ ಹೇಳುತ್ತಿರುವುದು ಅಕ್ಷರವಲ್ಲ, ಮಣ್ಣು. ಲೇಖನವನ್ನು ಇಲ್ಲಿಂದಲೇ ಶುರು ಮಾಡಿ, ಆಮೇಲೆ ಪಿ52ಕ್ಕೆ ಬನ್ನಿ.

ಹತ್ತು ಪುಟ ಆರಕ್ಕೆ ಇಳಿಯಲಿ. ‘ನಿಸ್ಸಂದೇಹವಾಗಿ’ ಒಂಬತ್ತು ಕಡೆ ಇದೆ, ಒಂಬತ್ತನ್ನೂ ಹೊಡೆದುಹಾಕಿ. ಪಿ52ರ ಎರಡೂ ಮಗ್ಗುಲಿನ ಚಿತ್ರ ದೊಡ್ಡದಾಗಿ ಹಾಕೋಣ. ಹಿಂಬದಿಯಲ್ಲಿ ಪಿಲಾತನ ಪ್ರಶ್ನೆ ಇರಬೇಕಾಗಿದ್ದ ಖಾಲಿ ಜಾಗಕ್ಕೆ ಒಂದು ಬಾಣದ ಗುರುತು ಬೇಕು. ಅದನ್ನು ನೀವೇ ಹಾಕಿ ಕಳಿಸಿ, ನಮ್ಮ ಚಿತ್ರ ಕಲಾವಿದರಿಗೆ ಗ್ರೀಕ್ ಬರುವುದಿಲ್ಲ.

ಇಂತಿ,
ಸಂಪಾದಕ