ಇಪ್ಪತ್ತೆರಡನ್ನೂ ನೋಡಬೇಕಾಗಿಲ್ಲ

ಮೇಡಂ, ನೀವು ಕೇಳಿರುವುದು ಇಷ್ಟು: ಡಿಸೆಂಬರ್ ಕೊನೆಯಲ್ಲಿ ಒಂದು ವಾರ ರಜೆ. ಮನೆಯಲ್ಲಿ ಏಳು ವರ್ಷದ ಮಗಳು, ಹದಿಮೂರರ ಮಗ, ಜೊತೆಗೆ ಮಾವನವರು. ಮಗನಿಗೆ ಸೂಪರ್‌ಹೀರೋ ಬೇಕು, ಮಗಳಿಗೆ ಕ್ರಿಸ್‌ಮಸ್ ತಾತ ಬೇಕು, ನಿಮಗೆ ಎರಡೂ ಅಷ್ಟಕ್ಕಷ್ಟೆ. ಯಾವುದನ್ನು ನೋಡಬಹುದು, ಎಲ್ಲವನ್ನೂ ಕ್ರಮವಾಗಿಯೇ ನೋಡಬೇಕೆ ಎಂಬುದು ಪ್ರಶ್ನೆ. ನಿಮಗೆ ನನಗಿಂತ ಮೊದಲು ಉತ್ತರಿಸಿದ ಒಬ್ಬರು ಇಪ್ಪತ್ತೆರಡು ಸೂಪರ್‌ಹೀರೋ ಚಿತ್ರಗಳ ಪಟ್ಟಿ ಕೊಟ್ಟು ಒಂದನ್ನೂ ಬಿಡಬೇಡಿ ಎಂದಿದ್ದಾರೆ. ಅವರ ಶ್ರದ್ಧೆಗೆ ನಮಸ್ಕಾರ. ನಾನು ಆ ಪಂಥದವನಲ್ಲ. ವರ್ಷಕ್ಕೆ ಇಂಥವು ನಾಲ್ಕೈದನ್ನು ನೋಡುತ್ತೇನೆ, ಬೇಸರವಾದರೆ ಅರ್ಧದಲ್ಲಿ ಎದ್ದು ಹೋಗಲು ಸಂಕೋಚಪಡುವುದಿಲ್ಲ. ಭಕ್ತರು ಮನ್ನಿಸಬೇಕು.

ಮೊದಲು ಆ ಇಪ್ಪತ್ತೆರಡರ ಲೆಕ್ಕ. 2008ರ ‘ಐರನ್ ಮ್ಯಾನ್’ನಿಂದ 2019ರ ‘ಅವೆಂಜರ್ಸ್: ಎಂಡ್‌ಗೇಮ್’ವರೆಗೆ ಮಾರ್ವೆಲ್ ಸ್ಟುಡಿಯೋದವರು ಒಂದೇ ದಾರದಲ್ಲಿ ಪೋಣಿಸಿದ್ದು 22 ಚಿತ್ರಗಳು. ಕೊನೆಯದೊಂದೇ ಮೂರು ಗಂಟೆ. ವಾರದಲ್ಲಿ ಮುಗಿಸಲು ಹೊರಟರೆ ದಿನಕ್ಕೆ ಮೂರು ಬೀಳುತ್ತವೆ. ಅದು ರಜೆಯಲ್ಲ, ಪಾಳಿ ಕೆಲಸ. ನಾನು ‘ಐರನ್ ಮ್ಯಾನ್’, 2012ರ ‘ದಿ ಅವೆಂಜರ್ಸ್’, 2018ರ ‘ಇನ್ಫಿನಿಟಿ ವಾರ್’ ಮತ್ತು ‘ಎಂಡ್‌ಗೇಮ್’, ಈ ನಾಲ್ಕನ್ನು ಮಾತ್ರ ಸಾಲಾಗಿ ನೋಡಿದೆ. ಕಥೆ ಅರ್ಥವಾಯಿತು. ನಡುನಡುವೆ ಇವನಾರು, ಇವಳೆಲ್ಲಿಂದ ಬಂದಳು ಎಂದು ತಬ್ಬಿಬ್ಬಾದದ್ದು ನಿಜ. ನಿಮಗೆ ಆ ಚಿಂತೆಯೂ ಇಲ್ಲ. ಪಕ್ಕದಲ್ಲಿ ಹದಿಮೂರರ ಹುಡುಗನಿರುವಾಗ ಬೇರೆ ಟಿಪ್ಪಣಿಕಾರ ಏಕೆ ಬೇಕು?

ಆದರೆ ಸರಪಳಿಗೆ ಕೈ ಹಾಕದೆ ಒಂಟಿಯಾಗಿ ನಿಲ್ಲುವ ಚಿತ್ರಗಳಿಂದ ಶುರು ಮಾಡಿ ಎಂಬುದು ನನ್ನ ಸಲಹೆ. ಕಾರಣ ಹೇಳುತ್ತೇನೆ. ಬಹುಪಾಲು ಸೂಪರ್‌ಹೀರೋ ಚಿತ್ರಗಳ ಕೊನೆಯ ಅರ್ಧ ಗಂಟೆ ಒಂದೇ ಅಚ್ಚಿನದು. ಆಕಾಶದಲ್ಲಿ ತೂತು ಬೀಳುತ್ತದೆ, ಕಟ್ಟಡಗಳು ಉರುಳುತ್ತವೆ, ಬೂದುಬಣ್ಣದ ಸೈನ್ಯ ಇಳಿಯುತ್ತದೆ, ನಮಗೆ ಪರಿಚಯವಿದ್ದವರಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಲೋಕವೇ ಮುಳುಗುತ್ತದೆ ಎಂದು ಅವರು ಕೂಗಿದಷ್ಟೂ ನನಗೆ ತೂಕಡಿಕೆ ಬರುತ್ತದೆ. ಹುಡುಗನೊಬ್ಬನಿಗೆ ಬಾಡಿಗೆ ಕಟ್ಟಲಾಗುತ್ತಿಲ್ಲ ಎಂದರೆ ತಕ್ಷಣ ಎದ್ದು ಕೂರುತ್ತೇನೆ.

ಸ್ಯಾಮ್ ರೈಮಿ ನಿರ್ದೇಶಿಸಿದ 2004ರ ‘ಸ್ಪೈಡರ್-ಮ್ಯಾನ್ 2’ ಶುರುವಾಗುವುದೇ ಹಾಗೆ. ಪಿಜ್ಜಾ ತಲುಪಿಸುವುದು ತಡವಾಗಿ ನಾಯಕನ ಕೆಲಸ ಹೋಗುತ್ತದೆ. ಬಾಡಿಗೆ ಬಾಕಿ, ಕಾಲೇಜಿನಲ್ಲಿ ಹಿಂದೆ ಬಿದ್ದಿದ್ದಾನೆ, ಪ್ರೀತಿಸಿದವಳ ನಾಟಕಕ್ಕೆ ಹೊತ್ತಿಗೆ ಸರಿಯಾಗಿ ಹೋಗಲಾಗುವುದಿಲ್ಲ. ಅಂಥವನು ನಡುವೆ ಒಂದು ಕಡೆ, ಹಿಡಿತ ತಪ್ಪಿದ ರೈಲನ್ನು ಮೈಯೆಲ್ಲ ಒಡ್ಡಿ ನಿಲ್ಲಿಸಿ, ಎಚ್ಚರ ತಪ್ಪಿ ಬೀಳುತ್ತಾನೆ. ಮುಖವಾಡ ಕಳಚಿರುತ್ತದೆ. ಒಳಗಿದ್ದ ಪ್ರಯಾಣಿಕರು ಅವನನ್ನು ತಲೆಯ ಮೇಲೆ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಇವನಿನ್ನೂ ಹುಡುಗ ಎಂದು ಆಗ ಅವರಿಗೆ ಕಾಣುತ್ತದೆ. ನಾನು ನೋಡಿದ ಅಷ್ಟೂ ಹೊಡೆದಾಟಗಳನ್ನು ಈ ಒಂದು ನಿಮಿಷಕ್ಕೆ ಬದಲಾಗಿ ಬಿಟ್ಟುಕೊಡುತ್ತೇನೆ.

ಅದೇ ವರ್ಷ ಬಂದ ‘ದಿ ಇನ್‌ಕ್ರೆಡಿಬಲ್ಸ್’ ಇಡೀ ಮನೆಗೆ ಹೊಂದುತ್ತದೆ. ಮಹಾ ಬಲಶಾಲಿಯೊಬ್ಬ ವಿಮಾ ಕಂಪನಿಯ ಪುಟ್ಟ ಮೇಜಿನ ಹಿಂದೆ ಮೊಣಕಾಲು ಮಡಚಿಕೊಂಡು ಕೂತಿರುತ್ತಾನೆ. ಕುಳ್ಳ ಮೇಲಧಿಕಾರಿ ಅವನನ್ನು ಗದರುತ್ತಾನೆ. ಕಚೇರಿಯಲ್ಲಿ ಸವೆದವರೆಲ್ಲ ಇದಕ್ಕೆ ನಗುತ್ತಾರೆ, ನಿಮ್ಮ ಮಾವನವರೂ ನಕ್ಕಾರು.

ಬ್ಯಾಟ್‌ಮ್ಯಾನ್‌ನ ‘ದಿ ಡಾರ್ಕ್ ನೈಟ್’ ಬಗ್ಗೆ ಕೇಳಿದ್ದೀರಿ. ಒಳ್ಳೆಯ ಚಿತ್ರ, ಖಳ ಜೋಕರ್‌ನ ಪಾತ್ರಕ್ಕಾಗಿ ನಟ ಹೀತ್ ಲೆಡ್ಜರ್‌ಗೆ ಮರಣಾನಂತರ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. ಆದರೆ ಮಗಳ ಎದುರು ಖಂಡಿತ ಬೇಡ. ಇನ್ನೊಂದು ಮಾತು: ಅದರಲ್ಲಿ ನನ್ನ ಉಸಿರು ಹಿಡಿದದ್ದು ಎರಡು ದೋಣಿಗಳ ಪ್ರಸಂಗ. ಒಂದರಲ್ಲಿ ಸಾಮಾನ್ಯ ಜನ, ಇನ್ನೊಂದರಲ್ಲಿ ಕೈದಿಗಳು, ಎದುರಿನ ದೋಣಿಯನ್ನು ಸಿಡಿಸುವ ಗುಂಡಿ ಒಬ್ಬೊಬ್ಬರ ಕೈಯಲ್ಲಿ. ಬ್ಯಾಟ್‌ಮ್ಯಾನ್ ಆ ದೋಣಿಗಳಲ್ಲಿ ಇಲ್ಲವೇ ಇಲ್ಲ, ಗಮನಿಸಿ. ಮಲಯಾಳದ ‘ಮಿನ್ನಲ್ ಮುರಳಿ’ಯನ್ನೂ ಸೇರಿಸಿಕೊಳ್ಳಬಹುದು. ಅಲ್ಲಿ ನಾಯಕ ಹಳ್ಳಿಯ ದರ್ಜಿ, ಅವನಿಗೆ ಹೊಡೆದ ಸಿಡಿಲೇ ಖಳನಿಗೂ ಹೊಡೆಯುತ್ತದೆ, ಮತ್ತು ನಮ್ಮ ಮರುಕವೆಲ್ಲ ಆ ಖಳನ ಪಾಲಾಗುತ್ತದೆ. ಅದು ಬಿಡುಗಡೆಯಾದದ್ದೂ 2021ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ.

ಕ್ರಿಸ್‌ಮಸ್ ಚಿತ್ರಗಳ ಬಗ್ಗೆ ನನ್ನ ತಕರಾರು ಇದಕ್ಕೆ ತದ್ವಿರುದ್ಧ. ಇವುಗಳಲ್ಲಿ ಏನೂ ಕೆಡುವುದೇ ಇಲ್ಲ. ಟಿವಿಗೆಂದೇ ತಯಾರಾಗುವ ಬಗೆಯನ್ನು ನೀವು ಕಂಡಿರುತ್ತೀರಿ: ಮಹಾನಗರದ ದೊಡ್ಡ ಹುದ್ದೆಯ ಹೆಣ್ಣುಮಗಳು ಹುಟ್ಟೂರಿಗೆ ಬರುತ್ತಾಳೆ, ತೋಳು ಮಡಚಿದ ಬಡಗಿಯೊಬ್ಬ ಎದುರಾಗುತ್ತಾನೆ, ಹತ್ತನೆಯ ನಿಮಿಷಕ್ಕೇ ಇವರ ಮದುವೆ ನಮಗೆ ಗೊತ್ತಾಗಿರುತ್ತದೆ, ಉಳಿದ ಹೊತ್ತು ಹಿಮ ಬೀಳುವುದನ್ನು ಕಾಯುತ್ತ ಕೂರಬೇಕು. ಬಟ್ಟೆ ಮಡಚುವಾಗ ಹಾಕಿಕೊಳ್ಳಲು ಅಡ್ಡಿಯಿಲ್ಲ.

ಇವುಗಳ ನಡುವೆ ಫ್ರಾಂಕ್ ಕಾಪ್ರಾ ಅವರ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬೇರೆಯೇ ಜಾತಿ. ಹೆಸರು ಕೇಳಿ ಸಕ್ಕರೆ ಪಾಕವೆಂದು ನಾನು ವರ್ಷಗಟ್ಟಲೆ ದೂರವಿಟ್ಟಿದ್ದೆ. ನೋಡಿದರೆ, ಲೋಕ ಸುತ್ತುವ ಕನಸನ್ನು ಕಟ್ಟಿಟ್ಟು ಅಪ್ಪನ ಸಾಲದ ಸಂಸ್ಥೆಯಲ್ಲೇ ಕೂದಲು ನರೆಸುತ್ತಿರುವ ಮನುಷ್ಯನ ಕಥೆ. ಕ್ರಿಸ್‌ಮಸ್ ಹಿಂದಿನ ದಿನ ಸಂಸ್ಥೆಯ 8,000 ಡಾಲರ್ ಕಾಣೆಯಾಗುತ್ತದೆ. ಮನೆಗೆ ಬಂದು ಮಕ್ಕಳ ಮೇಲೆ ರೇಗುತ್ತಾನೆ, ಕೊನೆಗೆ ಸೇತುವೆಯ ಮೇಲೆ ನದಿ ನೋಡುತ್ತ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಮಗಳು ನಿಮ್ಮ ಪಕ್ಕದಲ್ಲಿರಲಿ. ಹಣ ನುಂಗಿದ ಮುದುಕ ಪಾಟರ್‌ಗೆ ಶಿಕ್ಷೆಯೇ ಆಗುವುದಿಲ್ಲ, ಹಣವೂ ಅವನ ಬಳಿಯೇ ಉಳಿಯುತ್ತದೆ. ಯಾವ ಸೂಪರ್‌ಹೀರೋ ಚಿತ್ರಕ್ಕೆ ಇಷ್ಟು ಧೈರ್ಯವಿದೆ ಹೇಳಿ. ಚಿತ್ರಮಂದಿರದಲ್ಲಿ ಇದು ಹಾಕಿದ ದುಡ್ಡನ್ನೂ ತರಲಿಲ್ಲ. 1974ರಲ್ಲಿ ಹಕ್ಕುಸ್ವಾಮ್ಯವನ್ನು ನವೀಕರಿಸುವುದು ತಪ್ಪಿಹೋಗಿ, ಬಿಟ್ಟಿ ಸಿಕ್ಕಿತೆಂದು ಅಮೆರಿಕದ ಟಿವಿ ವಾಹಿನಿಗಳು ಪ್ರತಿ ಡಿಸೆಂಬರಿನಲ್ಲಿ ಹಾಕಿದವು. ಜನ ಇದನ್ನು ತಮ್ಮದಾಗಿಸಿಕೊಂಡದ್ದು ಹಾಗೆ. ಅದರ ಹಿಮವನ್ನು ಬೆಂಕಿ ನಂದಿಸುವ ನೊರೆಯಿಂದ ಮಾಡಿದ್ದರು; ಅದಕ್ಕೂ ಮೊದಲು ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಬಳಸುತ್ತಿದ್ದರಂತೆ, ಕಾಲಿಟ್ಟರೆ ಕರಕರ ಸದ್ದಾಗಿ ಮಾತು ಕೇಳಿಸುತ್ತಿರಲಿಲ್ಲ. ಈ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಹಚ್ಚಿದ ಆವೃತ್ತಿಯೂ ಇದೆ, ಅದನ್ನು ಮುಟ್ಟಬೇಡಿ.

‘ಹೋಮ್ ಅಲೋನ್’ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಚಿಕ್ಕವನಿದ್ದಾಗ, ಮನೆಯಲ್ಲಿ ಒಂಟಿಯಾಗಿ ಉಳಿದ ಹುಡುಗ ಕಳ್ಳರ ತಲೆಗೆ ಬಣ್ಣದ ಡಬ್ಬಿ ಬಡಿಯುವುದೇ ನನಗೆ ಸಾಕಾಗಿತ್ತು. ಈಗ ಅದು ಉದ್ದವಾಯಿತು ಅನಿಸುತ್ತದೆ. ಎಲ್ಲರೂ ಹೆದರುವ ನೆರೆಮನೆಯ ಮುದುಕ ಚರ್ಚಿನಲ್ಲಿ ಹುಡುಗನ ಪಕ್ಕ ಕೂತು, ಮಗನೊಡನೆ ಮಾತು ಬಿಟ್ಟ ಸಂಗತಿ ಹೇಳುತ್ತಾನಲ್ಲ, ಅದು ಉಳಿದಿದೆ.

‘ಡೈ ಹಾರ್ಡ್’ ಕ್ರಿಸ್‌ಮಸ್ ಚಿತ್ರವೇ ಎಂಬ ಜಗಳಕ್ಕೆ ನನ್ನನ್ನು ಎಳೆಯಬೇಡಿ. ಕಥೆ ಕ್ರಿಸ್‌ಮಸ್ ಹಿಂದಿನ ರಾತ್ರಿಯದು, ಬಿಡುಗಡೆಯಾದದ್ದು 1988ರ ಜುಲೈ. ನನಗೆ ಅದು ಒಳ್ಳೆಯ ಸೂಪರ್‌ಹೀರೋ ಚಿತ್ರ: ನಾಯಕ ಬರಿಗಾಲಲ್ಲಿ ಗಾಜಿನ ಚೂರು ತುಳಿಯುತ್ತಾನೆ, ರಕ್ತ ಬರುತ್ತದೆ, ನೋವಾಗುತ್ತದೆ. ಮಕ್ಕಳು ಮಲಗಿದ ಮೇಲೆ ನೋಡಿ.

ಇನ್ನು ನಿಮ್ಮ ವಾರ. ಮೊದಲ ಸಂಜೆ ‘ಎಲ್ಫ್’ ಎಂಬ ಕ್ರಿಸ್‌ಮಸ್ ಹಾಸ್ಯಚಿತ್ರ ಹಾಕಿ. ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಎಲ್ಲರೂ ನಗುತ್ತಾರೆ. ಮಗ ಮೂತಿ ಮುರಿದರೆ, ಇದರ ನಿರ್ದೇಶಕ ಜಾನ್ ಫಾವ್ರೋ ಅವರೇ ‘ಐರನ್ ಮ್ಯಾನ್’ ಮಾಡಿದ್ದು ಎಂದು ಹೇಳಿ ನೋಡಿ. ಎಚ್ಚರಿಕೆ ಒಂದೇ: ಉಡುಗೊರೆ ಇಡುವವರು ತಂದೆತಾಯಿಯೇ ಎಂಬ ಗಾಳಿಮಾತಿನ ಪ್ರಸ್ತಾಪ ಅದರಲ್ಲಿ ಬರುತ್ತದೆ. ಮಗಳು ಇನ್ನೂ ತಾತನನ್ನು ನಂಬುತ್ತಿದ್ದರೆ ಉತ್ತರ ಸಿದ್ಧವಾಗಿರಲಿ. ಎರಡನೆಯ ದಿನ ‘ದಿ ಇನ್‌ಕ್ರೆಡಿಬಲ್ಸ್’. ಮೂರನೆಯ ದಿನ 2019ರ ‘ಕ್ಲೌಸ್’. ಕೈಯಲ್ಲಿ ಬರೆದ ಆನಿಮೇಷನ್, ಸೋಮಾರಿ ಅಂಚೆಯವನೊಬ್ಬನ ಸ್ವಾರ್ಥದಿಂದ ತಾತನ ಕಥೆ ಹುಟ್ಟುತ್ತದೆ, ನನಗೆ ತುಂಬಾ ಹಿಡಿಸಿತು. ನಾಲ್ಕಕ್ಕೆ ‘ಸ್ಪೈಡರ್-ಮ್ಯಾನ್ 2’. ಅದರಲ್ಲಿ ಆಸ್ಪತ್ರೆಯ ಒಂದು ದೃಶ್ಯ ಭಯ ಹುಟ್ಟಿಸುತ್ತದೆ, ಆಗ ಮಗಳನ್ನು ನೀರು ತರಲು ಕಳಿಸಿ. ಐದನೆಯ ಸಂಜೆ ಮಾವನವರ ಪಾಲಿಗೆ ಕಾಪ್ರಾ ಚಿತ್ರ. ಮೊದಲ ಗಂಟೆ ನಿಧಾನ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆರನೆಯ ದಿನ ‘ಹೋಮ್ ಅಲೋನ್’.

ರಿಮೋಟ್ ನಿಮ್ಮ ಕೈಯಲ್ಲಿರಲಿ, ಈ ಚಿತ್ರಗಳಲ್ಲಿ ಮಾತು ಪಿಸುದನಿ, ಹೊಡೆತ ಗುಡುಗು. ಮಾರ್ವೆಲ್ ಚಿತ್ರವಾದರೆ ಹೆಸರುಗಳು ಓಡುವಾಗ ಆರಿಸಬೇಡಿ. ಅದರ ನಂತರವೂ ಸಾಮಾನ್ಯವಾಗಿ ಒಂದು ತುಣುಕು ಇರುತ್ತದೆ, ತಪ್ಪಿದರೆ ಮಗ ಬಿಡುವುದಿಲ್ಲ.

ಏಳನೆಯ ದಿನವನ್ನು ಮಗನ ಆಯ್ಕೆಗೆ ಬಿಡಿ, ಆದರೆ ಅವನು ‘ಇನ್ಫಿನಿಟಿ ವಾರ್’ ಕೇಳಿದರೆ ಬೆಳಿಗ್ಗೆಯೇ ಹಾಕಿಸಿ. ಅದು ಕಥೆಯ ನಡುವೆ ನಿಲ್ಲುತ್ತದೆ, ಮುಂದಿನದು ಮೂರು ಗಂಟೆ, ಮರುದಿನ ಶಾಲೆ.