ರೊಟ್ಟಿಯ ಬಾಕ್ಸ್ ಅಳೆದಿದ್ದೀರಾ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು: ‘ಆನ್‌ಲೈನ್ ಅಂಗಡಿ ತೆರೆಯಬೇಕು, ಯಾವ ಕಾರ್ಟ್ ಒಳ್ಳೆಯದು?’ ಕಾರ್ಟ್ ಎಂದರೆ ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್. ಏನು ಮಾರುತ್ತೀರಿ, ದಿನಕ್ಕೆ ಎಷ್ಟು ಆರ್ಡರ್, ಸರಕು ಯಾವ ಊರಿಗೆ ಹೋಗುತ್ತದೆ ಎಂಬ ಮಾತೇ ಇರುವುದಿಲ್ಲ. ಹೋಗುವ ಊರು ಹೇಳದೆ ಯಾವ ಬಸ್ ಹತ್ತಲಿ ಎಂದು ಕೇಳಿದರೆ ಕಂಡಕ್ಟರ್ ತಾನೇ ಏನು ಹೇಳಿಯಾನು? ಅಂಥ ಪತ್ರಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ್ದೇನೆ. ಈ ಸಲ ವಿಜಯಪುರದಿಂದ ಬಂದ ಪತ್ರದಲ್ಲಿ ಬೇಕಾದ ಲೆಕ್ಕವೆಲ್ಲ ಇದೆ. ಹಾಗಾಗಿ ಜಾಗದ ಬಹುಪಾಲು ಅವರಿಗೇ. ಡೊಮೇನ್ ಎಂದರೇನು, ಹೋಸ್ಟಿಂಗ್ ಎಂದರೇನು ಎಂಬ ಪಾಠ ಇಲ್ಲಿಲ್ಲ.

ಪ್ರಶ್ನೆ: ನಾವು ಮನೆಯಲ್ಲೇ ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರುತ್ತೇವೆ. ಈಗ ಎಲ್ಲವೂ ವಾಟ್ಸ್‌ಆ್ಯಪ್ ಮೂಲಕ. ದಿನಕ್ಕೆ ಸುಮಾರು 15 ಆರ್ಡರ್, ಒಂದೊಂದೂ ಸರಾಸರಿ 800 ರೂಪಾಯಿಯದು. ಬೆಂಗಳೂರು, ಪುಣೆ, ಹೈದರಾಬಾದ್‌ಗೆ ಕಳುಹಿಸುತ್ತೇವೆ. ಶಾಪಿಫೈ ತೆಗೆದುಕೊಳ್ಳಿ ಎನ್ನುತ್ತಾರೆ ಒಬ್ಬರು. ವೂಕಾಮರ್ಸ್ ಉಚಿತ, ಅದೇ ಸಾಕು ಎನ್ನುತ್ತಾರೆ ಇನ್ನೊಬ್ಬರು. ಮಗಳು ಬಿಸಿಎ ಮುಗಿಸಿ ಮನೆಯಲ್ಲೇ ಇದ್ದಾಳೆ. ಯಾವುದನ್ನು ಆರಿಸಲಿ? (ವಿಜಯಪುರ)

ಉತ್ತರ: ವೂಕಾಮರ್ಸ್ ಆರಿಸಿ. ಉಚಿತ ಎಂಬ ಕಾರಣಕ್ಕಲ್ಲ, ನಿಮ್ಮ ಮಗಳು ಇದ್ದಾಳೆ ಎಂಬ ಕಾರಣಕ್ಕೆ.

‘ಉಚಿತ’ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವೂಕಾಮರ್ಸ್ ಎಂಬುದು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಮೇಲೆ ಕೂರುವ ಪ್ಲಗಿನ್, ಅಂದರೆ ಹೆಚ್ಚುವರಿ ಜೋಡಣೆ. ಪ್ಲಗಿನ್‌ಗೆ ದುಡ್ಡಿಲ್ಲ, ನಿಜ. ಹೋಸ್ಟಿಂಗ್‌ಗೆ ದುಡ್ಡಿದೆ, ಡೊಮೇನ್‌ಗೆ ದುಡ್ಡಿದೆ, ಎಲ್ಲಕ್ಕಿಂತ ಹೆಚ್ಚಾಗಿ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಅಪ್‌ಡೇಟ್ ಹಾಕುವ ಒಬ್ಬರ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಕೊಡುವವರು ಇಲ್ಲದ ಅಂಗಡಿಗಳು ಹಾಳಾಗುವುದನ್ನು ಬಹಳ ಸಲ ನೋಡಿದ್ದೇನೆ. ಮಗಳು ನಾಳೆ ಕೆಲಸಕ್ಕೆಂದು ಬೇರೆ ಊರಿಗೆ ಹೋದರೂ ಈ ಕೆಲಸವನ್ನು ಅಲ್ಲಿಂದಲೇ ಮಾಡಬಹುದು. ಅವಳು ಒಪ್ಪದಿದ್ದರೆ ನನ್ನ ಉತ್ತರ ಬದಲಾಗುತ್ತದೆ: ಆಗ ಶಾಪಿಫೈ, ಅಂದರೆ ತಿಂಗಳ ಬಾಡಿಗೆಗೆ ಸಿಗುವ ಸಿದ್ಧ ಅಂಗಡಿ. ಅಲ್ಲಿ ಸರ್ವರ್, ಅಪ್‌ಡೇಟ್, ಭದ್ರತೆ ಎಲ್ಲ ಅವರ ತಲೆನೋವು.

ಆ ನೆಮ್ಮದಿಗೆ ಕೊಡುವ ಬೆಲೆಯನ್ನು ಯಾರೂ ನಿಮಗೆ ಲೆಕ್ಕ ಹಾಕಿ ತೋರಿಸುವುದಿಲ್ಲ. ಶಾಪಿಫೈಗೆ ತನ್ನದೇ ಪಾವತಿ ಸೇವೆ ಇದೆ, ಆದರೆ ಅದು ಭಾರತದಲ್ಲಿ ಲಭ್ಯವಿಲ್ಲ. ಇಲ್ಲಿಯ ಪೇಮೆಂಟ್ ಗೇಟ್‌ವೇ (ಗ್ರಾಹಕರ ಹಣವನ್ನು ನಿಮಗೆ ತಲುಪಿಸುವ ಸೇವೆ) ಜೋಡಿಸಲೇಬೇಕು. ಹೊರಗಿನ ಗೇಟ್‌ವೇ ಜೋಡಿಸಿದರೆ ಬೇಸಿಕ್ ಯೋಜನೆಯಲ್ಲಿ ಪ್ರತಿ ಆನ್‌ಲೈನ್ ಪಾವತಿಯ ಮೇಲೆ ಶಾಪಿಫೈ 2% ತೆಗೆದುಕೊಳ್ಳುತ್ತದೆ. ಇದು ಗೇಟ್‌ವೇ ಶುಲ್ಕದ ಮೇಲೆ ಇನ್ನೊಂದು ಶುಲ್ಕ. ನಿಮ್ಮ ಲೆಕ್ಕಕ್ಕೇ ಬನ್ನಿ: ದಿನಕ್ಕೆ 15 ಆರ್ಡರ್, ತಲಾ 800 ರೂಪಾಯಿ, 30 ದಿನ. ಒಟ್ಟು 3,60,000 ರೂಪಾಯಿ. ಅದರಲ್ಲಿ 2% ಎಂದರೆ ತಿಂಗಳಿಗೆ 7,200 ರೂಪಾಯಿ. ಶಾಪಿಫೈಯ ಮಾಸಿಕ ಬಾಡಿಗೆ ಬೇರೆ. ಸಾವಿರಗಟ್ಟಲೆ ರೊಟ್ಟಿ ಬಡಿದು ದುಡಿದ ಹಣ ಅದು. ಕ್ಯಾಶ್ ಆನ್ ಡೆಲಿವರಿಗೆ ಈ 2% ಬೀಳುವುದಿಲ್ಲ, ಆದರೆ ಅದರ ಕಷ್ಟವೇ ಬೇರೆ, ಕೆಳಗೆ ಬರೆದಿದ್ದೇನೆ.

ಇನ್ನು ನೀವು ಕೇಳದೇ ಬಿಟ್ಟ ಪ್ರಶ್ನೆ. ರೊಟ್ಟಿಯ ಬಾಕ್ಸ್ ಅಳೆದಿದ್ದೀರಾ? ಬಹುತೇಕ ಕೊರಿಯರ್‌ಗಳು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿಯೂ ತಕ್ಕಡಿಯ ತೂಕವೂ ಪಕ್ಕದಲ್ಲಿಟ್ಟು, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. 30 × 30 × 20 ಬಾಕ್ಸಿನಲ್ಲಿ ರೊಟ್ಟಿ ಜೋಡಿಸಿ ತೂಗಿದರೆ 2 ಕಿಲೋ ಬಂತು ಎಂದುಕೊಳ್ಳಿ. ಕೊರಿಯರ್ ಲೆಕ್ಕದಲ್ಲಿ ಅದು 3.6 ಕಿಲೋ. ಚಟ್ನಿಪುಡಿಗೆ ಈ ಬಾಧೆ ಇಲ್ಲ. ಖಡಕ್ ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತದೆ. ಕಾರ್ಟ್‌ನಲ್ಲಿ 2 ಕಿಲೋ ಎಂದು ಬರೆದರೆ ಗ್ರಾಹಕರಿಂದ 2 ಕಿಲೋದ ಸಾಗಣೆ ಖರ್ಚು ಪಡೆದು ಉಳಿದದ್ದನ್ನು ನಿಮ್ಮ ಕೈಯಿಂದ ಕಟ್ಟುತ್ತೀರಿ. ವೂಕಾಮರ್ಸ್‌ನಲ್ಲಿ ಅಳತೆಯ ಖಾನೆಗಳಿವೆ, ಆದರೆ ಅದರ ಸಾಮಾನ್ಯ ‘ಫ್ಲಾಟ್ ರೇಟ್’ (ನಿಗದಿತ ಸಾಗಣೆ ದರ) ಈ ಭಾಗಾಕಾರ ಮಾಡುವುದಿಲ್ಲ. ಸುಲಭದ ದಾರಿ: ರೊಟ್ಟಿಗೆ ಒಂದು, ಚಟ್ನಿಪುಡಿಗೆ ಒಂದು ಶಿಪ್ಪಿಂಗ್ ಕ್ಲಾಸ್ (ಸಾಗಣೆ ದರದ ಗುಂಪು) ಮಾಡಿ, ಕರ್ನಾಟಕಕ್ಕೊಂದು ದರ, ಹೊರರಾಜ್ಯಕ್ಕೊಂದು ದರ ಇಡಿ. ಮುಂದೆ ತೂಕದ ಮೇಲೆ ದರ ಹಾಕುವ ಪ್ಲಗಿನ್ ತಂದರೆ ತೂಕದ ಖಾನೆಯಲ್ಲಿ 3.6 ಎಂದೇ ಬರೆಯಿರಿ.

ತೆರಿಗೆ. ಪುಣೆಗೂ ಹೈದರಾಬಾದ್‌ಗೂ ಕಳುಹಿಸುತ್ತೇವೆ ಎಂದು ನಿರಾಳವಾಗಿ ಬರೆದಿದ್ದೀರಿ. 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂದು ಯಾರೋ ಹೇಳಿರಬೇಕು. ತೆರಿಗೆ ಇರುವ ಸರಕು ರಾಜ್ಯದ ಗಡಿ ದಾಟಿದರೆ ಆ ಮಿತಿ ನಿಮ್ಮನ್ನು ಕಾಯುವುದಿಲ್ಲ. ನೋಂದಣಿ ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗಳ ಮೇಲೆ ಜಿಎಸ್‌ಟಿ ಇಲ್ಲ. ಚಟ್ನಿಪುಡಿಯ ಮೇಲೆ ಇದೆ. ಅಂದರೆ ಒಂದೇ ಬಿಲ್ಲಿನಲ್ಲಿ ಒಂದು ಸಾಲಿಗೆ ತೆರಿಗೆ, ಇನ್ನೊಂದಕ್ಕೆ ಸೊನ್ನೆ. ಬೆಂಗಳೂರಿನ ಗ್ರಾಹಕರಾದರೆ ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ; ಪುಣೆಯವರಾದರೆ ಅಂತರರಾಜ್ಯ ತೆರಿಗೆ ಐಜಿಎಸ್‌ಟಿ. ವೂಕಾಮರ್ಸ್‌ನಲ್ಲಿ ವಸ್ತುವಿಗೊಂದು ತೆರಿಗೆ ವರ್ಗ, ರಾಜ್ಯಕ್ಕೊಂದು ದರ ಇಡಲು ಬರುತ್ತದೆ. ಎಚ್‌ಎಸ್‌ಎನ್ ಸಂಖ್ಯೆಯನ್ನು (ತೆರಿಗೆಗಾಗಿ ಸರಕನ್ನು ಗುರುತಿಸುವ ಸಂಖ್ಯೆ) ನಿಮ್ಮ ಆಡಿಟರ್ ಬರೆದುಕೊಡಲಿ. ಅದನ್ನು ವೆಬ್‌ಸೈಟ್ ಮಾಡಿಕೊಡುವ ಹುಡುಗನನ್ನು ಕೇಳಲೇಬೇಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ ಪ್ರತಿ ವಸ್ತುವಿನ ಪುಟದಲ್ಲೂ ಇರಬೇಕು. ಎಫ್‌ಎಸ್‌ಎಸ್‌ಎಐ ನೋಂದಣಿ ಇನ್ನೂ ಆಗಿಲ್ಲವಾದರೆ ಕಾರ್ಟ್ ಮಾತು ಆಮೇಲೆ. ಮೊದಲು ಅದನ್ನು ಮುಗಿಸಿ.

ಅಂಗಡಿ ತೆರೆಯುವ ಹಿಂದಿನ ದಿನ ಒಂದು ಪರೀಕ್ಷೆ ಮಾಡಲೇಬೇಕು. 1 ರೂಪಾಯಿಯ ಒಂದು ವಸ್ತು ಸೇರಿಸಿ. ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲ್ ಹಿಡಿದು, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಅದನ್ನು ಕೊಳ್ಳಿ. ಯುಪಿಐ ಆ್ಯಪ್‌ನಲ್ಲಿ ಹಣ ಹೋದ ಟಿಕ್ ಗುರುತು ಕಂಡೊಡನೆ, ಅಂಗಡಿಯ ಪುಟಕ್ಕೆ ವಾಪಸ್ ಬಾರದೆ ಎಲ್ಲವನ್ನೂ ಮುಚ್ಚಿಬಿಡಿ. ನಿಮ್ಮ ಗ್ರಾಹಕರು ಮಾಡುವುದು ಇದನ್ನೇ. ಈಗ ಕಂಪ್ಯೂಟರಿನಲ್ಲಿ ಆರ್ಡರ್ ಪಟ್ಟಿ ತೆರೆಯಿರಿ. ಕೆಲವು ನಿಮಿಷದಲ್ಲಿ ಅದು ‘ಪ್ರೊಸೆಸಿಂಗ್’ ಆಗಿದ್ದರೆ ಸರಿ. ‘ಪೆಂಡಿಂಗ್’ ಎಂದೇ ಕೂತಿದ್ದರೆ ಗೇಟ್‌ವೇಯ ವೆಬ್‌ಹುಕ್ ಜೋಡಿಸಿಲ್ಲ ಎಂದರ್ಥ. ಹಣ ಬಂದ ಸುದ್ದಿಯನ್ನು ಗೇಟ್‌ವೇ ನೇರವಾಗಿ ನಿಮ್ಮ ಅಂಗಡಿಗೆ ತಿಳಿಸುವ ತಂತಿ ಅದು. ಅದಿಲ್ಲದಿದ್ದರೆ ಸುದ್ದಿ ಗ್ರಾಹಕರ ಬ್ರೌಸರ್ ಮೂಲಕವೇ ಬರಬೇಕು. ಬ್ರೌಸರ್ ಮುಚ್ಚಿದರೆ ಸುದ್ದಿಯೂ ಸತ್ತಿತು. ಗ್ರಾಹಕರ ಖಾತೆಯಲ್ಲಿ ಹಣವಿಲ್ಲ, ನಿಮ್ಮ ಪಟ್ಟಿಯಲ್ಲಿ ಆರ್ಡರ್ ಇಲ್ಲ. ‘ಮೋಸದ ಅಂಗಡಿ’ ಎಂಬ ಬೈಗುಳ ಕೇಳಿಸಿಕೊಂಡ ಪ್ರಾಮಾಣಿಕ ವ್ಯಾಪಾರಿಗಳನ್ನು ನಾನು ಬಲ್ಲೆ. ಅವರಲ್ಲಿ ಹಲವರ ತಪ್ಪು ಇದೊಂದೇ ಆಗಿತ್ತು.

ಬಿಲ್ ಕನ್ನಡದಲ್ಲಿ ಇರಲಿ ಎಂದು ನನಗೂ ಆಸೆ. ಆದರೆ ಪಿಡಿಎಫ್ ಬಿಲ್ ಮಾಡುವ ಹಲವು ಪ್ಲಗಿನ್‌ಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಪರದೆಯ ಮೇಲೆ ‘ರೊಟ್ಟಿ’ ಚೆನ್ನಾಗಿ ಕಾಣುತ್ತದೆ. ಬಿಲ್ಲಿನಲ್ಲಿ ‘ರೊಟ್‌ಟಿ’, ‘ಚಟ್‌ನಿ’ ಎಂದು ಮುರಿದು ಬೀಳುತ್ತದೆ, ಅಥವಾ ಬರೀ ಚೌಕಗಳು. ಒಂದು ಬಿಲ್ ಮುದ್ರಿಸಿ ಕಣ್ಣಾರೆ ನೋಡಿ. ಮುರಿದಿದ್ದರೆ ಎಂಪಿಡಿಎಫ್ ಎಂಬ ಪಿಡಿಎಫ್ ತಂತ್ರಾಂಶ ಬಳಸುವ ಪ್ಲಗಿನ್ ಹುಡುಕಿ, ಕನ್ನಡದ ಫಾಂಟ್ ಸೇರಿಸಿ. ಇಲ್ಲವೇ ಬ್ರೌಸರ್‌ನಿಂದಲೇ ಪ್ರಿಂಟ್ ಕೊಡಿ. ನಮ್ಮ ಅಕ್ಷರ ಮುರಿದ ಕಾಗದವನ್ನು ಮಾತ್ರ ಗ್ರಾಹಕರ ಕೈಗೆ ಕೊಡಬೇಡಿ.

ಕೊನೆಯದಾಗಿ, ಯಾವ ಕಾರ್ಟ್ ಆದರೂ ಒಳಗೆ ಹೋಗುವ ಮೊದಲು ಹೊರಗೆ ಬರುವ ಬಾಗಿಲು ನೋಡಿಕೊಳ್ಳಿ. ಈ ವಿಷಯದಲ್ಲಿ ನಾನು ಅತಿ ಎಚ್ಚರ ಎನ್ನುವವರಿದ್ದಾರೆ, ಅನ್ನಲಿ. ಹಿಂದೊಮ್ಮೆ ಒಂದು ಬಾಡಿಗೆ ವೇದಿಕೆಯಲ್ಲಿ ಅಂಗಡಿ ಇಟ್ಟಿದ್ದೆ. ಬಿಡುವಾಗ ವಸ್ತುಗಳ ಪಟ್ಟಿ ಕೊಟ್ಟರು. ಗ್ರಾಹಕರ ಪಟ್ಟಿ, ಹಳೆಯ ಆರ್ಡರ್‌ಗಳು ಸಿಗಲಿಲ್ಲ. ಮೂರು ವರ್ಷ ಒಬ್ಬೊಬ್ಬರನ್ನೇ ಸಂಪಾದಿಸಿದ್ದ ಹೆಸರುಗಳು ಒಂದೇ ದಿನದಲ್ಲಿ ಹೋದವು. ಶಾಪಿಫೈಯಿಂದ ವಸ್ತು, ಗ್ರಾಹಕ, ಆರ್ಡರ್ ಮೂರನ್ನೂ ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ಇಳಿಸಿಕೊಳ್ಳಬಹುದು. ವೂಕಾಮರ್ಸ್‌ನಲ್ಲಿ ಇಡೀ ಡೇಟಾಬೇಸ್ ನಿಮ್ಮದೇ. ಬೇರೆ ಹೊಸ ಸೇವೆಯ ಹೆಸರು ಯಾರಾದರೂ ಹೇಳಿದರೆ ಮೊದಲ ದಿನವೇ ಈ ಮೂರು ಕಡತ ಇಳಿಸಿ ತೆರೆದು ನೋಡಿ. ಇಳಿಯದಿದ್ದರೆ ಎರಡನೇ ದಿನ ಅಲ್ಲಿರಬೇಡಿ.

ಪ್ರಶ್ನೆ: ನನ್ನವು ಇಳಕಲ್ ಸೀರೆಗಳು, ಒಂದೊಂದು ಬಣ್ಣಕ್ಕೆ ಒಂದೇ. ಒಂದೇ ಸೀರೆಗೆ ಇಬ್ಬರು ಹಣ ಕಟ್ಟಿದರು. ವೂಕಾಮರ್ಸ್ ತಪ್ಪೇ? (ಬಾಗಲಕೋಟೆ ಜಿಲ್ಲೆ)

ಉತ್ತರ: ಸ್ಟಾಕ್ ಲೆಕ್ಕ ಆನ್ ಮಾಡಿಲ್ಲ, ತಪ್ಪು ನಿಮ್ಮದು. ಪ್ರತಿ ಸೀರೆಗೂ ಸ್ಟಾಕ್ 1 ಎಂದು ಬರೆಯಿರಿ, ಬ್ಯಾಕ್‌ಆರ್ಡರ್ (ಸರಕು ಮುಗಿದ ಮೇಲೂ ಆರ್ಡರ್ ಪಡೆಯುವುದು) ಮುಚ್ಚಿ. ‘ಹೋಲ್ಡ್ ಸ್ಟಾಕ್’ ಎಂಬಲ್ಲಿ ಮೊದಲೇ 60 ನಿಮಿಷ ಇರುತ್ತದೆ; ಹಣ ಕಟ್ಟದೆ ಹೋದವರಿಗಾಗಿ ಸೀರೆ ಒಂದು ಗಂಟೆ ಕಾಯಬೇಕಾಗಿಲ್ಲ, 15 ಮಾಡಿ. ಆದರೆ ಮೇಲೆ ಹೇಳಿದ ವೆಬ್‌ಹುಕ್ ಸರಿಯಿದ್ದರೆ ಮಾತ್ರ. ಇಲ್ಲವಾದರೆ ಹಣ ಕಟ್ಟಿ ಬ್ರೌಸರ್ ಮುಚ್ಚಿದವರ ಆರ್ಡರ್ ಕೂಡ 15 ನಿಮಿಷಕ್ಕೆ ರದ್ದಾಗುತ್ತದೆ.

ಪ್ರಶ್ನೆ: ಕ್ಯಾಶ್ ಆನ್ ಡೆಲಿವರಿ ಇಲ್ಲದಿದ್ದರೆ ವ್ಯಾಪಾರವೇ ಆಗುವುದಿಲ್ಲವಂತೆ? (ತುಮಕೂರು)

ಉತ್ತರ: ಹಾಗೆ ಹೇಳುವವರು ವಾಪಸ್ ಬಂದ ಪಾರ್ಸಲ್‌ಗೆ ಎರಡು ಕಡೆಯ ಸಾಗಣೆ ಖರ್ಚು ಕಟ್ಟಿದವರಲ್ಲ. ತಿನ್ನುವ ಸರಕಿಗೆ ಕೊಡಲೇಬೇಡಿ. ಉಳಿದದ್ದಕ್ಕೆ 100 ರೂಪಾಯಿ ಮುಂಗಡ ಪಡೆದು, ನಿಮ್ಮ ಕೊರಿಯರ್ ತಲುಪುವ ಪಿನ್‌ಕೋಡ್‌ಗಳಿಗೆ ಮಾತ್ರ ತೆರೆಯಿರಿ.

ಪ್ರಶ್ನೆ: ದುಬಾರಿ ಥೀಮ್, ಪ್ಲಗಿನ್‌ಗಳೆಲ್ಲ ಟೆಲಿಗ್ರಾಂನಲ್ಲಿ 99 ರೂಪಾಯಿಗೆ ಸಿಗುತ್ತವೆ. ಬಳಸಬಹುದೇ? (ದಾವಣಗೆರೆ)

ಉತ್ತರ: ಬೇಡ. ಬೀಗ ಒಡೆದು ಮಾರುವವನು ಒಳಗೆ ತನಗೊಂದು ಕಿಂಡಿ ಇಟ್ಟುಕೊಂಡಿರುತ್ತಾನೆ. ಹಾಕಿದ್ದರೆ ಅಳಿಸಿ, ಎಲ್ಲ ಪಾಸ್‌ವರ್ಡ್ ಬದಲಾಯಿಸಿ.

ಪ್ರಶ್ನೆ: ಗ್ರಾಹಕರಿಗೆ ಅನುಕೂಲವಾಗಲೆಂದು ಕಾರ್ಡ್ ಸಂಖ್ಯೆಯನ್ನು ನಾವೇ ಉಳಿಸಿಕೊಳ್ಳಬಹುದೇ? (ಉಡುಪಿ)

ಉತ್ತರ: ಕೂಡದು. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮವೇ ಅದನ್ನು ತಡೆದಿದೆ.

ಪ್ರಶ್ನೆ: ಚನ್ನಪಟ್ಟಣದ ಆಟಿಕೆ ಮಾರುತ್ತೇವೆ. 40 ರೂಪಾಯಿಯ ಗಿಫ್ಟ್ ಪ್ಯಾಕಿಂಗ್‌ಗೆ ಮೊದಲೇ ಟಿಕ್ ಹಾಕಿಟ್ಟರೆ ಆದಾಯ ಹೆಚ್ಚುತ್ತದೆ ಎಂದು ಮಾರ್ಕೆಟಿಂಗ್‌ನವರು ಹೇಳಿದರು. (ರಾಮನಗರ)

ಉತ್ತರ: ಅವರನ್ನು ಕೆಲಸದಿಂದ ಬಿಡಿಸಿ. ಕೇಳದ ವಸ್ತುವನ್ನು ಗ್ರಾಹಕರ ಬುಟ್ಟಿಗೆ ಸೇರಿಸುವುದನ್ನು ಕೇಂದ್ರ ಸರ್ಕಾರದ 2023ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರ ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿ ಹೆಸರಿಟ್ಟು ನಿಷೇಧಿಸಿದೆ. ಮಕ್ಕಳ ಆಟಿಕೆ ಮಾರುವವರು ಇಂಥ ಸಲಹೆಗೆ ಕಿವಿಗೊಟ್ಟಿದ್ದೇ ನನಗೆ ಬೇಸರ ತಂದಿದೆ.

ಪ್ರಶ್ನೆ: 60 ವಸ್ತುಗಳ ಅಂಗಡಿಗೆ ದೊಡ್ಡ ಅಂಗಡಿಗಳ ಕಾರ್ಟ್ ಮ್ಯಾಜೆಂಟೊ ಹೇಗೆ? (ಮೈಸೂರು)

ಉತ್ತರ: ಬೇಡ.

ಪ್ರಶ್ನೆ: ಎಲ್ಲ ಸೇರಿ 4,999 ರೂಪಾಯಿಗೆ ವೆಬ್‌ಸೈಟ್ ಮಾಡಿಕೊಟ್ಟವರು ಈಗ ಫೋನ್ ಎತ್ತುತ್ತಿಲ್ಲ. ಡೊಮೇನ್ ಅವರ ಹೆಸರಿನಲ್ಲಿದೆ. (ಹಾಸನ)

ಉತ್ತರ: ಈ ಪತ್ರ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ಓದಿ ಸಂಕಟಪಡುತ್ತೇನೆ. ಅವರಿಗೆ ಬರಹದಲ್ಲಿ ಕೇಳಿ: ಡೊಮೇನ್ ವರ್ಗಾವಣೆಯ ಕೋಡ್ ಬೇಕು, ಲಾಕ್ ತೆಗೆಯಬೇಕು. ಹಣ ಕೊಟ್ಟ ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ತೆಗೆದಿಡಿ. ಡೊಮೇನ್ ನೋಂದಾಯಿಸಿದ ಕಂಪನಿಗೆ ದೂರು ಕೊಡುವಾಗ ಬೇಕಾಗುತ್ತವೆ. ಡೊಮೇನ್ ಅವಧಿ ಮುಗಿಯುವ ದಿನಾಂಕವನ್ನು ಹೂಈಸ್‌ನಲ್ಲಿ (ಡೊಮೇನ್ ವಿವರ ತೋರಿಸುವ ಸೇವೆ) ಇವತ್ತೇ ನೋಡಿಕೊಳ್ಳಿ. ಅದು ಹತ್ತಿರವಿದ್ದರೆ ಕಾಯಬೇಡಿ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇನ್ನೊಂದು ಡೊಮೇನ್ ಕೊಂಡು, ಹಳೆಯ ಗ್ರಾಹಕರಿಗೆಲ್ಲ ಹೊಸ ವಿಳಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ.