ಅಜ್ಜಿ ಕೈಯ ಹಚ್ಚೆಗೆ ಮರ್ಯಾದೆ, ನನ್ನದಕ್ಕೆ ಬೈಗುಳ!

ಪ್ರಶ್ನೆ: ನನಗೆ 24 ವರ್ಷ. ಮುಂಗೈ ಮೇಲೆ ನವಿಲುಗರಿ ಟ್ಯಾಟೂ ಹಾಕಿಸಿಕೊಂಡೆ. ನಮ್ಮಜ್ಜಿಗೆ ಎರಡೂ ಕೈ ತುಂಬ ಹಚ್ಚೆ ಇದೆ. ಆದರೂ ‘ಇನ್ನು ನಿನ್ನನ್ನ ಯಾರು ಕಟ್ಕೋತಾರೆ’ ಅಂತ ದಿನಾ ಬೈಯುವವರು ಅವರೇ. ಇದ್ಯಾವ ನ್ಯಾಯ? (ಓದುಗರು, ದಾವಣಗೆರೆ)

ಉತ್ತರ: ಅಜ್ಜಿ ಕಾಲದಲ್ಲಿ ಹಚ್ಚೆ ಇಲ್ಲದ ಹುಡುಗಿಗೇ ‘ಯಾರು ಕಟ್ಕೋತಾರೆ’ ಅಂತಿದ್ದರು ನೋಡಿ! ಕೊರವರ ಹೆಂಗಸರು ಊರೂರು ತಿರುಗಿ ಬರೋರು, ಮನೆಯವರು ಹುಡುಗಿಯನ್ನು ಜಗಲಿ ಮೇಲೆ ಕೂರಿಸೋರು, ಸೂಜಿ ಚುಚ್ಚುವಾಗ ಅಳು ಮರೆಸೋಕೆ ಹಾಡು ಬೇರೆ. ಸತ್ತಾಗ ಬಂಗಾರ ಬಿಚ್ಚಿಕೊಳ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತೆ ಅನ್ನೋ ನಂಬಿಕೆಯೂ ಇತ್ತು. ಓಣಿಯ ಹೆಂಗಸರ ಕೈಯಲ್ಲೆಲ್ಲ ಅದೇ ಇದ್ದಾಗ ಯಾರೂ ತಿರುಗಿ ನೋಡುವುದಿಲ್ಲ ಅಲ್ವಾ? ಅಜ್ಜಿಯನ್ನು ಯಾರೂ ಕೇಳಿ ಹಾಕಿಸಲಿಲ್ಲ, ನೀವು ಯಾರನ್ನೂ ಕೇಳದೆ ಹಾಕಿಸಿಕೊಂಡಿರಿ. ಜಗಳ ಇರುವುದು ಅಲ್ಲೇ, ನವಿಲುಗರಿ ಪಾಪ ಏನೂ ಮಾಡಿಲ್ಲ.

ಕಾಣುವ ಜಾಗದಲ್ಲೇ ಯಾಕೆ ಅಂತ ಜನ ಕೇಳ್ತಾರೆ. ಬೆನ್ನ ಮೇಲಿದ್ದರೆ ನೋಡಿಕೊಳ್ಳೋಕೆ ಕನ್ನಡಿ ಬೇಕು, ಮುಂಗೈ ಮೇಲಿದ್ದರೆ ಬಸ್ಸಿನಲ್ಲಿ ಕೂತಾಗಲೂ ನಮ್ಮ ಕಣ್ಣಿಗೆ ಬೀಳುತ್ತೆ. ತುಂಬ ಜನ ಹಾಕಿಸಿಕೊಳ್ಳುವುದು ಅದಕ್ಕೇ. ‘ಏನಿದು’ ಅಂತ ಯಾರಾದರೂ ಕೇಳಲಿ ಅನ್ನೋ ಆಸೆ ಇರುವವರೂ ಇದ್ದಾರೆ, ಅದೇನು ತಪ್ಪಲ್ಲ. ಆದರೆ ನೋಡುವವರು ತಮಗೆ ತೋಚಿದ ಅರ್ಥ ಕಟ್ಟುತ್ತಾರೆ. ಜಿಮ್ ಹುಡುಗನ ತೋಳಿನಲ್ಲಿದ್ದರೆ ಸ್ಟೈಲು, ಅದೇ ಚಿತ್ರ ಹುಡುಗಿಯ ಕೈಯಲ್ಲಿದ್ದರೆ ನಡತೆಯ ಪ್ರಶ್ನೆ! ಈ ತಾರತಮ್ಯ ನನಗಂತೂ ಸುತಾರಾಂ ಒಪ್ಪಿಗೆಯಿಲ್ಲ. ಬೈಗುಳಕ್ಕೆ ಉತ್ತರ ಕೊಡುವ ಬದಲು ಅಜ್ಜಿಯ ಕೈ ಹಿಡಿದು, ಯಾವ ಹಚ್ಚೆ ಯಾವಾಗ ಹಾಕಿಸಿದ್ದು ಅಂತ ಕೇಳಿ. ಮಾತು ಬೇರೆ ಕಡೆ ಹೋಗುತ್ತೆ.

ಪ್ರಶ್ನೆ: ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುತ್ತಿದ್ದೇನೆ. ಅಪ್ಪು ಸರ್ 2021ರಲ್ಲಿ ತೀರಿಕೊಂಡಾಗ ಬಲಗೈ ಮೇಲೆ ಅವರ ಮುಖ ಹಾಕಿಸಿಕೊಂಡಿದ್ದೆ. ತೊಂದರೆ ಆಗುತ್ತಾ? (ಓದುಗರು, ಹಾವೇರಿ)

ಉತ್ತರ: ಆಗುತ್ತೆ, ಸುಮ್ನೆ ಧೈರ್ಯ ಹೇಳಲಾರೆ. ನಿಯಮದಲ್ಲಿ ಒಪ್ಪುವುದು ಹೆಸರು ಅಥವಾ ದೇವರ ಗುರುತು, ಅದೂ ಎಡ ಮುಂಗೈಯ ಒಳಬದಿಯಲ್ಲಿ ಇಲ್ಲವೇ ಅಂಗೈಯ ಹಿಂಬದಿಯಲ್ಲಿ, ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಾಗಿ. ಬಲಗೈ ಸೆಲ್ಯೂಟ್ ಹೊಡೆಯುವ ಕೈ, ಅಲ್ಲಿ ಬೇಡ ಅನ್ನುತ್ತಾರೆ. ಮೇಲೆ ಇನ್ನೊಂದು ಚಿತ್ರ ಬರೆಸಿ ಮುಚ್ಚಿದರೆ ಗಾತ್ರ ಇನ್ನೂ ದೊಡ್ಡದಾಗುತ್ತೆ, ಆ ಸಲಹೆ ಕೇಳಬೇಡಿ. ಉಳಿದದ್ದು ಲೇಸರ್. ಚರ್ಮದ ಒಳಪದರದಲ್ಲಿ ಕೂತ ಬಣ್ಣವನ್ನು ಅದು ಪುಡಿ ಮಾಡುತ್ತೆ, ಆಮೇಲೆ ದೇಹವೇ ನಿಧಾನವಾಗಿ ಅದನ್ನು ಹೊರಹಾಕಬೇಕು. ಹಾಗಾಗಿ ವಾರಗಟ್ಟಲೆ ಅಂತರ ಬಿಟ್ಟು ಹಲವು ಸಲ ಮಾಡಿಸಬೇಕಾಗುತ್ತೆ. ಕಪ್ಪು ಬಣ್ಣ ಬೇಗ ಹೋಗುತ್ತೆ, ಹಸಿರು, ಹಳದಿ ಹಠಮಾರಿಗಳು. ನಮ್ಮಂಥ ಕಂದು ಚರ್ಮದವರಿಗೆ ಕಲೆ ಉಳಿಯುವ ಸಾಧ್ಯತೆ ಜಾಸ್ತಿ, ಪಾರ್ಲರಿಗೆ ಹೋಗದೆ ಚರ್ಮದ ಡಾಕ್ಟರ ಹತ್ತಿರವೇ ಹೋಗಿ. ಅರ್ಜಿ ಕರೆಯುವವರೆಗೆ ಕಾಯಬೇಡಿ.

ಪ್ರಶ್ನೆ: ಟ್ಯಾಟೂ ಇದ್ದವರು ರಕ್ತದಾನ ಮಾಡುವಂತೆಯೇ ಇಲ್ಲವಂತೆ? (ಓದುಗರು, ಮೈಸೂರು)

ಉತ್ತರ: ಅರ್ಧ ನಿಜ. ಸೂಜಿಯಿಂದ ಹೆಪಟೈಟಿಸ್, ಎಚ್‌ಐವಿ ದಾಟಬಹುದು ಅನ್ನುವ ಕಾರಣಕ್ಕೆ ಹಾಕಿಸಿಕೊಂಡ ಮೇಲೆ 12 ತಿಂಗಳು ಕೊಡುವಂತಿಲ್ಲ. ಆಮೇಲೆ ಧಾರಾಳವಾಗಿ ಕೊಡಿ.